ಒತ್ತಕ್ಷರಕ್ಕೆ ಜಾಗ ಬಿಡಿ

ಹೊರನಾಡಿನ ಕನ್ನಡ ಸಂಘಗಳ ಆಹ್ವಾನ ಪತ್ರಿಕೆಗೆ ಒಂದು ವಿಚಿತ್ರ ಹಣೆಬರಹವಿದೆ. ಬರೆದುಕೊಡುವವರಿಗೆ ಕನ್ನಡ ಗೊತ್ತು, ಓದುವವರಿಗೂ ಗೊತ್ತು; ನಡುವೆ ಕೂತು ಪುಟ ಕಟ್ಟುವವನಿಗೆ ಮಾತ್ರ ಗೊತ್ತಿಲ್ಲ. ಪುಣೆಯಲ್ಲಿ ಆತ ಮರಾಠಿಗ, ಚೆನ್ನೈಯಲ್ಲಿ ತಮಿಳ, ದೆಹಲಿಯಲ್ಲಿ ಹಿಂದಿಯವನು. ಅವನ ಪಾಲಿಗೆ ಕನ್ನಡವೆಂದರೆ ಒಂದು ಚಿತ್ರ. ಚಿತ್ರದಲ್ಲಿ ಒಂದು ಗೆರೆ ಅತ್ತಿತ್ತ ಸರಿದರೆ ಏನು ಮಹಾ?

ಪುಣೆಯ ಒಂದು ಸಂಘದಲ್ಲಿ ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುವ ಶಿಕ್ಷಕಿಯೊಬ್ಬರ ಹೆಗಲಿಗೆ ರಾಜ್ಯೋತ್ಸವದ ಪತ್ರಿಕೆಯ ಕೆಲಸ ಬಿತ್ತು. ಡಿಟಿಪಿ ಅಂಗಡಿಯಿಂದ ಮೊದಲ ಪ್ರೂಫ್ ಬಂದಾಗ ‘ಧನಸಹಾಯ ಮಾಡಿದವರು’ ಎಂಬ ತಲೆಬರಹ ‘ದನಸಹಾಯ’ ಎಂದು ಕಾಣುತ್ತಿತ್ತು. ‘ಅಕ್ಷರ’ ಅನ್ನುವ ಪದ ಒಂದು ಕಡೆ ‘ಅಕ್‌ಷರ’ ಆಗಿತ್ತು. ‘ರಾಷ್ಟ್ರ’ದ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂತಿತ್ತು. ತಪ್ಪಾಗಿದೆ ಎಂದು ಅವರು ಹೇಳಿದರೆ, ಅಂಗಡಿಯ ಹುಡುಗ ಮೂಲ ಪ್ರತಿಯ ಪಕ್ಕ ಪ್ರೂಫ್ ಇಟ್ಟು ಮರಾಠಿಯಲ್ಲಿ ಕೇಳಿದ: “ಅಕ್ಷರಗಳೆಲ್ಲ ಇವೆಯಲ್ಲ ತಾಈ, ತಪ್ಪೇನು?”

ಅವನ ಮಾತು ಸುಳ್ಳಲ್ಲ. ಕಾಗುಣಿತ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಅಕ್ಷರದ ತೂಕ, ಸಾಲಿನ ಅಂತರ, ತಂತ್ರಾಂಶದ ಒಂದು ಸೆಟ್ಟಿಂಗ್. ಅದನ್ನು ಹೇಳಲು ಕನ್ನಡವೂ ಸಾಲದು, ಮರಾಠಿಯೂ ಸಾಲದು. ಇಬ್ಬರಿಗೂ ಅರ್ಥವಾಗುವ ಮೂರನೆಯ ಭಾಷೆಯೊಂದು ಬೇಕು. ಟೈಪೋಗ್ರಫಿಯ ನಾಲ್ಕಾರು ಪದಗಳೇ ಆ ಭಾಷೆ.

ಮೊದಲನೆಯದು ವೇಟ್, ಅಂದರೆ ಅಕ್ಷರದ ತೂಕ. ಲೈಟ್, ರೆಗ್ಯುಲರ್, ಮೀಡಿಯಂ, ಬೋಲ್ಡ್ ಎಂದು ಅದು ಏರುತ್ತಾ ಹೋಗುತ್ತದೆ. ಇಂಗ್ಲಿಷ್‌ನ ‘ಡಿ’ ಎಷ್ಟು ದಪ್ಪವಾದರೂ ‘ಡಿ’ಯೇ. ಆದರೆ ಕನ್ನಡದಲ್ಲಿ ‘ದ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಒಂದು ಪುಟ್ಟ ಗೆರೆಯದು. ಸಣ್ಣ ಗಾತ್ರದಲ್ಲಿ ತೀರಾ ದಪ್ಪ ಅಕ್ಷರ ಹಾಕಿದರೆ ಆ ಸೀಳು ಮಸಿಯಲ್ಲಿ ಮುಚ್ಚಿಹೋಗುತ್ತದೆ, ಧನ ಹೋಗಿ ದನ ಬರುತ್ತದೆ. ಅಕ್ಷರದೊಳಗಿನ ಖಾಲಿ ಜಾಗಕ್ಕೆ ಕೌಂಟರ್ ಎನ್ನುತ್ತಾರೆ. “ಕೌಂಟರ್ ಮುಚ್ಚುತ್ತಿದೆ ದಾದಾ, ಬೋಲ್ಡ್ ತೆಗೆದು ಮೀಡಿಯಂ ಹಾಕಿ” ಅಂದರೆ ಕನ್ನಡ ಬಾರದವನಿಗೂ ತಿಳಿಯುತ್ತದೆ.

ಎರಡನೆಯದು ಲೆಡಿಂಗ್, ಸಾಲಿನಿಂದ ಸಾಲಿಗೆ ಇರುವ ದೂರ. ಅಚ್ಚುಮೊಳೆಗಳ ಕಾಲದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಡುತ್ತಿದ್ದರು; ಸೀಸದ ಇಂಗ್ಲಿಷ್ ಹೆಸರಿನಿಂದಲೇ ಈ ಪದ ಬಂತು. ಅಳತೆ ಪಾಯಿಂಟ್‌ಗಳಲ್ಲಿ, 72 ಪಾಯಿಂಟ್ ಸೇರಿದರೆ ಒಂದು ಅಂಗುಲ. ಅಡೋಬಿಯ ತಂತ್ರಾಂಶಗಳು ತಾವಾಗಿ ಕೊಡುವ ಲೆಡಿಂಗ್ ಅಕ್ಷರದ ಗಾತ್ರದ ಶೇ 120, ಅಂದರೆ 12 ಪಾಯಿಂಟ್ ಅಕ್ಷರಕ್ಕೆ 14.4. ಇಂಗ್ಲಿಷ್‌ಗೆ ಅದು ಸಾಕು. ಅಲ್ಲಿ ‘ಜಿ’, ‘ವೈ’ ಥರದ ಕೆಲವೇ ಸಣ್ಣಕ್ಷರಗಳು ಬೇಸ್‌ಲೈನ್‌ನಿಂದ ಕೆಳಗೆ ಬಾಲ ಬಿಡುತ್ತವೆ. ‘ಸ್ತ್ರೀ’, ‘ರಾಷ್ಟ್ರ’ ಬರೆಯುವ ಕನ್ನಡಕ್ಕೆ ಕೆಳಗೆ ಎರಡು ಒತ್ತಿಗೂ ಮೇಲೆ ಗುಡಿಸಿಗೂ ಜಾಗ ಬೇಕು. ಶಿಕ್ಷಕಿ 12ಕ್ಕೆ 18 ಕೇಳಿದರು. ಒತ್ತುಗಳು ಉಸಿರಾಡಿದವು.

‘ಅಕ್‌ಷರ’ದ ಕಾರಣವೇ ಬೇರೆ. ಇಲಸ್ಟ್ರೇಟರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಟೈಪ್ ಸೆಟ್ಟಿಂಗ್ ಒಂದಿದೆ. ಅದನ್ನು ಆರಿಸದಿದ್ದರೆ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ನಿಂತುಬಿಡಬಹುದು. ಟೈಪ್ ಮಾಡಿದವನ ತಪ್ಪಲ್ಲ, ಒಂದು ಟಿಕ್ ಗುರುತಿನ ಕೊರತೆ.

ಇನ್ನು ಕರ್ನಿಂಗ್ ಮತ್ತು ಟ್ರ್ಯಾಕಿಂಗ್. ಎರಡು ನಿರ್ದಿಷ್ಟ ಅಕ್ಷರಗಳ ನಡುವಿನ ಅಂತರವನ್ನು ಹೊಂದಿಸುವುದು ಕರ್ನಿಂಗ್. ಇಡೀ ಪದವನ್ನು ಒಂದೇ ಸಮ ಹಿಗ್ಗಿಸುವುದು, ಕುಗ್ಗಿಸುವುದು ಟ್ರ್ಯಾಕಿಂಗ್. ಅಗಲ ತುಂಬಿಸಲೆಂದು ‘ರಾಜ್ಯೋತ್ಸವ’ವನ್ನು ಎಳೆದರೆ ದೀರ್ಘದ ಗುರುತು ತನ್ನ ಅಕ್ಷರ ಬಿಟ್ಟು ದೂರ ಸರಿಯುವುದುಂಟು. ಕನ್ನಡದ ತಲೆಬರಹ ದೊಡ್ಡದಾಗಿ ಕಾಣಬೇಕೆಂದರೆ ಗಾತ್ರ ಹೆಚ್ಚಿಸಬೇಕೇ ಹೊರತು ಎಳೆಯಬಾರದು.

ಕೊನೆಯದು ಹೈರಾರ್ಕಿ, ಯಾವುದು ಮೊದಲು ಕಣ್ಣಿಗೆ ಬೀಳಬೇಕು ಎಂಬ ಕ್ರಮ. ಇಂಗ್ಲಿಷ್‌ನವರು ಇದಕ್ಕೆ ದೊಡ್ಡಕ್ಷರ ಬಳಸುತ್ತಾರೆ, ಇಟಾಲಿಕ್ ಬಳಸುತ್ತಾರೆ. ಇಟಾಲಿಕ್ ಹುಟ್ಟಿದ್ದು ಇಟಲಿಯಲ್ಲಿ. ವೆನಿಸ್‌ನ ಆಲ್ಡಸ್ ಮನೂಷಿಯಸ್ 1501ರಲ್ಲಿ ಆ ಅಚ್ಚಿನಲ್ಲಿ ಪುಸ್ತಕ ತಂದ. ಕನ್ನಡಕ್ಕೆ ದೊಡ್ಡಕ್ಷರವಿಲ್ಲ, ಇಟಾಲಿಕ್ ಕೇಳಿದರೆ ಕಂಪ್ಯೂಟರ್ ಸಾಮಾನ್ಯವಾಗಿ ಇದ್ದ ಅಕ್ಷರವನ್ನೇ ಓರೆಯಾಗಿ ವಾಲಿಸುತ್ತದೆ. ಹಾಗಾಗಿ ನಮಗೆ ಉಳಿಯುವುದು ಗಾತ್ರ, ತೂಕ, ಬಣ್ಣ ಮತ್ತು ಖಾಲಿ ಜಾಗ. ದಿನಾಂಕ, ಸ್ಥಳ, ಸಮಯ ಎದ್ದು ಕಾಣಬೇಕೆಂದರೆ ಅವುಗಳ ಸುತ್ತ ಜಾಗ ಬಿಡಬೇಕು. ಪದಾಧಿಕಾರಿಗಳ ಹೆಸರುಗಳೆಲ್ಲ ಬೋಲ್ಡ್ ಆಗಲೇಬೇಕೆಂದು ಸಮಿತಿ ಹಟ ಹಿಡಿದರೆ ಯಾವುದೂ ಎದ್ದು ಕಾಣುವುದಿಲ್ಲ.

ಕನ್ನಡದ ಅಕ್ಷರ ಹೊರನಾಡಿನಲ್ಲಿ ರೂಪ ತಳೆಯುವುದು ಹೊಸದೇನಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಬಂಗಾಳದ ಸೆರಾಂಪುರದಲ್ಲಿ. ಇಂದು ಎಲ್ಲರೂ ಪುಕ್ಕಟೆಯಾಗಿ ಬಳಸಬಹುದಾದ ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟ್ ಮುಂಬೈಯ ಏಕ್ ಟೈಪ್ ಸಂಸ್ಥೆಯದು. ದೂರ ಇರುವುದು ಅಡ್ಡಿಯಲ್ಲ. ಬೇಕಾದ್ದನ್ನು ಬಿಡಿಸಿ ಹೇಳಲಾಗದಿರುವುದೇ ಅಡ್ಡಿ. ಪುಣೆಯ ಆ ಅಂಗಡಿಯ ಹುಡುಗ ಮೂರನೆಯ ಪ್ರೂಫ್ ಹೊತ್ತಿಗೆ, ಒಂದಕ್ಷರ ಓದಲು ಬಾರದಿದ್ದರೂ, ಒತ್ತು ತಾಗುತ್ತಿದ್ದ ಒಂದು ಜಾಗವನ್ನು ತಾನೇ ಹುಡುಕಿ ತೋರಿಸಿದ.

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಸಮಿತಿಯಲ್ಲಿ ಯಾರಾದರೂ ಕೇಳಬಹುದು. ಧಾರವಾಡದಲ್ಲೋ ಮೈಸೂರಲ್ಲೋ ಓದಿ ಬಂದವರು ಮುರಿದ ಒತ್ತನ್ನು ಊಹಿಸಿಕೊಂಡು ಓದುತ್ತಾರೆ. ಪುಣೆಯಲ್ಲೇ ಹುಟ್ಟಿ ಭಾನುವಾರಕ್ಕೊಮ್ಮೆ ಕಲಿಯುವ ಎಂಟು ವರ್ಷದ ಮಗು ಊಹಿಸುವುದಿಲ್ಲ; ಇದ್ದದ್ದನ್ನು ಇದ್ದ ಹಾಗೇ ಓದುತ್ತದೆ. ಪಠ್ಯಪುಸ್ತಕ ಬಿಟ್ಟರೆ ಆ ಮನೆಗೆ ಬರುವ ಅಚ್ಚಿನ ಕನ್ನಡ ಬಹುಶಃ ಈ ಪತ್ರಿಕೆ ಒಂದೇ. ಅಲ್ಲಿ ತಡವರಿಸಿದ ಮಗು ತಪ್ಪು ಅಚ್ಚಿನದು ಎಂದುಕೊಳ್ಳುವುದಿಲ್ಲ, ತನಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳುತ್ತದೆ.

ಆದ್ದರಿಂದ ಅಚ್ಚಿಗೆ ಕೊಡುವ ಮುನ್ನ ಪ್ರತಿಯನ್ನು ನಿಜವಾದ ಗಾತ್ರದಲ್ಲಿ ಕಾಗದದ ಮೇಲೆ ತೆಗೆದು ಅಂಥ ಒಂದು ಮಗುವಿನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿ. ಮಗು ಎಲ್ಲಿ ನಿಲ್ಲುತ್ತದೋ ಅಲ್ಲಿ ಮೊದಲು ಅಂತರ ನೋಡಿ, ಆಮೇಲೆ ತೂಕ, ಕೊನೆಗೆ ಕಾಗುಣಿತ.