ನೆರಳೂ ರಸ್ತೆಯ ಕಾಮಗಾರಿಯೇ

ಬೆಂಗಳೂರಿನಲ್ಲಿ ರಸ್ತೆ ಅಗಲೀಕರಣದ ಮಾತು ಬಂದಾಗಲೆಲ್ಲ ಮೊದಲು ಕೊಡಲಿ ಬೀಳುವುದು ಸಾಲುಮರಗಳಿಗೆ. ಮರವೆಂದರೆ ಊರಿನ ಅಲಂಕಾರ, ಇದ್ದರೆ ಚೆಂದ, ಅಡ್ಡವಾದರೆ ತೆಗೆಯಬಹುದು ಎಂಬ ಎಣಿಕೆ ಅದರ ಹಿಂದಿದೆ. ಆದರೆ ನಡೆದು ಹೋಗುವವರ ಮಟ್ಟಿಗೆ ಫುಟ್‌ಪಾತಿನ ಕಲ್ಲುಹಾಸು ಎಷ್ಟು ಮುಖ್ಯವೋ ಅದರ ಮೇಲಿನ ನೆರಳೂ ಅಷ್ಟೇ ಮುಖ್ಯ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಈ ಊರಿನ ಮರವಿರುವ ರಸ್ತೆಗಳನ್ನೂ ಮರವಿಲ್ಲದ ರಸ್ತೆಗಳನ್ನೂ ಅಳೆದು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮರವಿದ್ದ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿ ಸೆಲ್ಸಿಯಸ್‌ವರೆಗೂ, ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೂ ತಂಪಾಗಿತ್ತು. ಕಾರಿನೊಳಗೆ ಕೂತವರಿಗೆ ಈ ಲೆಕ್ಕ ತಟ್ಟುವುದಿಲ್ಲ. ಏಪ್ರಿಲ್ ಬಿಸಿಲಲ್ಲಿ ಬಸ್ಸಿಳಿದು ಮನೆಗೆಲಸಕ್ಕೆ ನಡೆಯುವ ಹೆಂಗಸಿಗೆ, ಶಾಲೆ ಬಿಟ್ಟು ಬರುವ ಮಗುವಿಗೆ, ನೆರಳು ಸರಿದಂತೆಲ್ಲ ಬುಟ್ಟಿಯನ್ನೂ ಸರಿಸಿಕೊಳ್ಳುವ ಹೂವಿನವಳಿಗೆ ತಟ್ಟುತ್ತದೆ. ಹೊಂಗೆಯನ್ನೇ ನೋಡಿ: ಬೇಸಿಗೆಯ ಮೊದಲಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಯುಗಾದಿ ಹೊತ್ತಿಗೆ ಮತ್ತೆ ದಟ್ಟವಾಗಿ ಚಿಗುರಿ ನಿಂತಿರುತ್ತದೆ. ನಮ್ಮ ಬೀದಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಮರ ಕಡಿಮೆ.

ಬೇರು ಕಲ್ಲನ್ನೆಬ್ಬಿಸುತ್ತದೆ, ವಯಸ್ಸಾದವರು ಎಡವುತ್ತಾರೆ ಎಂಬ ದೂರು ಸುಳ್ಳಲ್ಲ. ಆದರೆ ಅಂಥ ಮರದ ಬುಡವನ್ನು ಬಗ್ಗಿ ನೋಡಬೇಕು. ತೊಗಟೆಗೆ ತಾಗುವಂತೆ ಕಾಂಕ್ರೀಟ್ ಸುರಿದಿರುತ್ತಾರೆ. ಕಾಂಡ ದಪ್ಪವಾಗಲು ಜಾಗವಿಲ್ಲದೆ ತೊಗಟೆ ಕಲ್ಲಿನಂಚಿನ ಮೇಲೆ ಉಬ್ಬಿ ಹರಿದಿರುತ್ತದೆ. ಕೆಳಗೆ ನೀರೂ ಗಾಳಿಯೂ ಇಳಿಯದಿದ್ದರೆ ಬೇರು ತೇವ ಹುಡುಕುತ್ತ ಕಲ್ಲುಹಾಸಿನಡಿಯಲ್ಲೇ ಹರಡುತ್ತದೆ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದೆ. ಮುಂಗಾರುಪೂರ್ವ ಮಳೆಗೆ ಮರ ಉರುಳುವುದು ನಿಜವಾದ ಅಪಾಯ, ಜೀವಗಳೇ ಹೋಗಿವೆ. ಆದರೆ ಚರಂಡಿಗೆಂದು, ಕೇಬಲ್ಲಿಗೆಂದು ಅಗೆದು ಒಂದು ಪಕ್ಕದ ಬೇರನ್ನೇ ಕತ್ತರಿಸಿದ ಮೇಲೆ ಯಾವ ಮರ ತಾನೇ ನಿಂತೀತು? ಗುಲ್‌ಮೊಹರ್‌ನಂಥ ಮೆದು ರೆಂಬೆಯ ಮರ ಇಕ್ಕಟ್ಟಿನ ಬೀದಿಗೆ ಬೇಡ, ಬೇವು, ಹೊಂಗೆಗಳಿವೆ. ಇರುವ ಮರಗಳ ಒಣರೆಂಬೆಯನ್ನು ಮಳೆಗೆ ಮುಂಚೆ ತಿಳಿದವರಿಂದ ಸವರಿಸಬೇಕು.

ಉಳಿಯುವುದು ಜಾಗದ ಪ್ರಶ್ನೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ನಡೆದಾರಿ ಕೇಳುತ್ತದೆ, ನಮ್ಮಲ್ಲಿ ಅದೇ ಸಿಗುವುದು ಕಷ್ಟ. ಅದರ ನಡುವೆ ಗಿಡ ನೆಟ್ಟರೆ ಗಾಲಿಕುರ್ಚಿಯವರು ರಸ್ತೆಗಿಳಿಯಬೇಕಾಗುತ್ತದೆ; ಈ ಆಕ್ಷೇಪಣೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಮರದ ಜಾಗವನ್ನು ನಡೆಯುವವರಿಂದ ಕಿತ್ತುಕೊಳ್ಳಬಾರದು, ನಿಂತ ವಾಹನಗಳಿಂದ ಪಡೆಯಬೇಕು. ಪಾರ್ಕಿಂಗ್ ಸಾಲಿನಲ್ಲಿ ಎರಡು ಮೂರು ಕಾರಿಗೊಂದರಂತೆ ಮಣ್ಣಿನ ಪಾತಿ ಬಿಟ್ಟರೆ ಫುಟ್‌ಪಾತ್ ತೆರವಾಗಿಯೇ ಇರುತ್ತದೆ, ನೆರಳು ಎರಡೂ ಕಡೆ ಬೀಳುತ್ತದೆ, ಮಳೆನೀರೂ ಒಂದಿಷ್ಟು ಇಂಗುತ್ತದೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಈ ಊರಲ್ಲಿ ನೆಟ್ಟದ್ದು ಸುಮಾರು 15 ಲಕ್ಷ ಗಿಡ; ಇಂದಿನ ಎಷ್ಟೋ ಬಡಾವಣೆಗಳ ನೆರಳು ಅವುಗಳದ್ದೇ. ಹಾಗಾಗಿ ಇದು ಆಗದ ಕೆಲಸವಲ್ಲ. ನಿಮ್ಮ ಬೀದಿಯ ಕಾಮಗಾರಿ ಶುರುವಾದಾಗ ನಕ್ಷೆ ತರಿಸಿ ನೋಡಿ, ಮರಕ್ಕೆಂದು ಎಷ್ಟು ಮಣ್ಣು ಬಿಟ್ಟಿದ್ದೀರಿ ಎಂದು ಎಂಜಿನಿಯರನ್ನು ಕೇಳಿ. ಕಾಂಕ್ರೀಟ್ ಬೀಳುವ ಮುಂಚೆಯೇ ಕೇಳಿ.