ಎರಡು ಲೈಟ್‌ಹೌಸುಗಳ ನಡುವೆ



ಅಮೆರಿಕದಲ್ಲಿರೋ ಅಣ್ಣನ ಮಗಳು ಒಂದು ದಿನ ಕಾರಲ್ಲಿ ಸುತ್ತಾಡಿದ ಫೋಟೋಗಳನ್ನ ಕಳಿಸಿದ್ದಳು. ನಾರ್ತ್ ಕೆರೊಲಿನಾದ ಔಟರ್ ಬ್ಯಾಂಕ್ಸ್. ಕಡಲಿಗೂ ನೆಲಕ್ಕೂ ಮಧ್ಯೆ ಗೆರೆ ಎಳೆದಂಥ ಮರಳಿನ ದ್ವೀಪಗಳು, 12ನೇ ನಂಬರಿನ ಹೆದ್ದಾರಿ, ಬಾಡಿ ಐಲ್ಯಾಂಡಿನ ಪಟ್ಟೆಪಟ್ಟೆ ಲೈಟ್‌ಹೌಸು, ದಕ್ಷಿಣಕ್ಕೆ ಹೋದ್ರೆ ಹ್ಯಾಟರಸ್‌ನದು. ಚೆಂದವೇ.

"ಎರಡರ ಮಧ್ಯೆ ಪೀ ಐಲ್ಯಾಂಡ್ ಸಿಕ್ತಲ್ಲ, ನಿಲ್ಲಿಸಿದ್ಯಾ?" ಅಂತ ಕೇಳಿದೆ. ಇಲ್ಲವಂತೆ.

ಅಲ್ಲಿನ ಜೀವರಕ್ಷಣಾ ಠಾಣೆಗೆ 1880ರಲ್ಲಿ ರಿಚರ್ಡ್ ಎಥರಿಡ್ಜ್ ಮುಖ್ಯಸ್ಥರಾದರು. ಗುಲಾಮರಾಗಿ ಹುಟ್ಟಿದ ಕಪ್ಪು ಮನುಷ್ಯ. ಬಿಳಿ ಸಿಬ್ಬಂದಿ ಠಾಣೆ ಬಿಟ್ಟು ಹೋದರು. (ನಮ್ಮೋರು ಸಾಹೇಬರಾಗಿ ಬಂದ ಕೂಡಲೇ ವರ್ಗಾವಣೆ ಅರ್ಜಿ ಬರೆಯೋರನ್ನ ಆಫೀಸಲ್ಲಿ ನಾನೂ ಕಂಡಿದ್ದೀನಿ.) ಆಮೇಲೆ ಇಡೀ ತಂಡವೇ ಕಪ್ಪು ಜನರದ್ದಾಯ್ತು. 1896ರ ಅಕ್ಟೋಬರ್ ಬಿರುಗಾಳಿಗೆ ಇ.ಎಸ್. ನ್ಯೂಮನ್ ಹಡಗು ಸಿಕ್ಕಿಬಿದ್ದಾಗ ದೋಣಿ ಇಳಿಸೋಕಾಗಲಿಲ್ಲ. ಇಬ್ಬಿಬ್ಬರು ಮೈಗೆ ಹಗ್ಗ ಬಿಗಿದುಕೊಂಡು ಈಜಿ ಒಂಬತ್ತೂ ಜನರನ್ನ ಎಳೆದು ತಂದರು. ಕ್ಯಾಪ್ಟನ್ನನ ಪುಟ್ಟ ಮಗುವನ್ನೂ.

ಚಿನ್ನದ ಪದಕ ಬಂದದ್ದು 1996ರಲ್ಲಿ. ನೂರು ವರ್ಷ! ಎಥರಿಡ್ಜ್ 1900ರಲ್ಲೇ ತೀರಿಹೋಗಿದ್ದರು.

ನಮ್ಮೂರ ಕೆರೇಲಿ ಯಾರಾದ್ರೂ ಮುಳುಗಿದ್ರೆ ಅಪ್ಪನ್ನೇ ಕೂಗೋರು. ಮೇಲೆತ್ತಿದ ಮೇಲೆ ಟೀ ಕೊಡ್ತಿದ್ದದ್ದು ತೆಂಗಿನ ಚಿಪ್ಪಲ್ಲಿ.

ಪೀ ಐಲ್ಯಾಂಡ್ ಠಾಣೆಯ ಅಡುಗೆಮನೆ ಈಗ ಮಾಂಟಿಯೊ ಊರಲ್ಲಿ ಮ್ಯೂಸಿಯಂ ಆಗಿದೆ. ಮುಂದಿನ ಸಲ ಅಲ್ಲಿ ಕಾರು ನಿಲ್ಲಿಸವ್ವ ಅಂದಿದ್ದೀನಿ.