ಹಿಮದ ಧರ್ಮಶಾಲೆಯ ನಾಯಿಗಳು

ಸ್ವಿಟ್ಜರ್ಲೆಂಡಿನ ಮಾರ್ಟಿನಿ ಪಟ್ಟಣದಿಂದ ಇಟಲಿಯ ಆವೊಸ್ತಾ ಸೀಮೆಗೆ ಇಳಿಯಬೇಕಾದರೆ ನಡುವೆ ಆಲ್ಪ್ಸ್ ಪರ್ವತದ ಘಾಟಿಯೊಂದನ್ನು ದಾಟಬೇಕು. ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿ ಎಂದು ಅದರ ಹೆಸರು. ಸಮುದ್ರ ಮಟ್ಟದಿಂದ 2,469 ಮೀಟರ್ ಎತ್ತರ. ರೋಮನ್ನರ ಕಾಲದಿಂದಲೂ ಜನ ಓಡಾಡಿದ ದಾರಿ ಇದು. ಅವರು ಜ್ಯೂಪಿಟರ್ ದೇವರಿಗೆ ಕಟ್ಟಿದ್ದ ಗುಡಿಯ ಅವಶೇಷ ಇಲ್ಲಿ ಸಿಕ್ಕಿದೆ. ಮರವೆಂಬುದೇ ಇಲ್ಲದ ಬೋಳು ಬಂಡೆಗಳ ನಡುವೆ ಒಂದು ಪುಟ್ಟ ಸರೋವರ, ಅದರ ಪಕ್ಕದಲ್ಲಿ ದಪ್ಪ ಗೋಡೆಗಳ, ಕೋಟೆಯಂಥ ಕಲ್ಲು ಕಟ್ಟಡ. ಅಲ್ಲಿಂದ ಕೂಗಳತೆಯ ದೂರದಲ್ಲಿ ಇಟಲಿಯ ಗಡಿ.

ಈ ಕಟ್ಟಡ ಹೋಟೆಲಲ್ಲ, ಕೋಟೆಯೂ ಅಲ್ಲ. ಹನ್ನೊಂದನೆಯ ಶತಮಾನದ ನಡುಭಾಗದಲ್ಲಿ ಆವೊಸ್ತಾದ ಬರ್ನಾರ್ಡ್ ಎಂಬ ಧರ್ಮಗುರು ಸ್ಥಾಪಿಸಿದ ಧರ್ಮಶಾಲೆ. ಆಗ ಈ ದಾರಿಯಲ್ಲಿ ಹಿಮದ ಭಯ ಒಂದು ಕಡೆ, ದರೋಡೆಕೋರರ ಭಯ ಇನ್ನೊಂದು ಕಡೆ. ರೋಮ್ ನಗರಕ್ಕೆ ಹೊರಟ ಯಾತ್ರಿಕರು, ವ್ಯಾಪಾರಿಗಳು, ಕೂಲಿಗಾಗಿ ಊರು ಬಿಟ್ಟ ಬಡವರು ಅರ್ಧ ದಾರಿಯಲ್ಲೇ ಸಾಯುತ್ತಿದ್ದರು. ಬಂದವರು ಯಾರೇ ಇರಲಿ, ಯಾವ ಹೊತ್ತೇ ಆಗಿರಲಿ, ಒಳಗೆ ಕರೆದು ಬೆಂಕಿ, ಊಟ, ಹಾಸಿಗೆ ಕೊಡಬೇಕೆಂಬುದು ಇಲ್ಲಿನ ನೇಮ. ಸಂತ ಅಗಸ್ಟಿನರ ನಿಯಮವನ್ನು ಪಾಲಿಸುವ ಪಾದ್ರಿಗಳು ಸುಮಾರು ಒಂದು ಸಾವಿರ ವರ್ಷದಿಂದ ಈ ನೇಮವನ್ನು ನಡೆಸಿಕೊಂಡು ಬಂದಿದ್ದಾರೆ. ಮುಂಬಾಗಿಲಿಗೆ ಇಂದಿಗೂ ಬೀಗ ಹಾಕುವುದಿಲ್ಲ ಎನ್ನುತ್ತಾರೆ.

ಜಗತ್ತಿಗೆ ಈ ಧರ್ಮಶಾಲೆ ಗೊತ್ತಾದದ್ದು ಮಾತ್ರ ಪಾದ್ರಿಗಳಿಂದಲ್ಲ, ಅವರ ನಾಯಿಗಳಿಂದ. ಕಂದು ಬಿಳುಪು ಮೈ, ಜೋತುಬಿದ್ದ ತುಟಿ, ಸದಾ ಏನನ್ನೋ ಯೋಚಿಸುತ್ತಿರುವಂತೆ ಕಾಣುವ ಕಣ್ಣುಗಳ ಸೇಂಟ್ ಬರ್ನಾರ್ಡ್ ನಾಯಿಯನ್ನು ಚಿತ್ರದಲ್ಲಾದರೂ ನೋಡದವರು ವಿರಳ.

ಈ ನಾಯಿಗಳು ಜನರನ್ನು ಕಾಪಾಡಲೆಂದು ಇಲ್ಲಿಗೆ ಬಂದವಲ್ಲ. 1660 - 70ರ ಸುಮಾರಿಗೆ ಕೆಳಗಿನ ಹಳ್ಳಿಗಳಿಂದ ತಂದ ದೊಡ್ಡ ಜಾತಿಯ ರೈತರ ನಾಯಿಗಳು ಇವು. ಕಳ್ಳಕಾಕರು ಬಂದರೆ ಬೊಗಳಲಿ ಎಂದಷ್ಟೇ ಸಾಕಿದ್ದು. ಅಡುಗೆಮನೆಯಲ್ಲೂ ಅವಕ್ಕೆ ಕೆಲಸವಿತ್ತು. ಒಂದು ದೊಡ್ಡ ಚಕ್ರದೊಳಗೆ ನಾಯಿಯನ್ನು ನಡೆಸಿ, ಬೆಂಕಿಯ ಮೇಲೆ ಮಾಂಸ ಚುಚ್ಚಿದ ಸಲಾಕೆ ತಾನಾಗಿ ತಿರುಗುವಂತೆ ಮಾಡುತ್ತಿದ್ದರು. 1708ರ ಬರಹವೊಂದು ಈ ಚಕ್ರದ ಸಂಗತಿಯನ್ನು ಹೇಳುತ್ತದೆ. ಮುಂದೆ ಹಿಮದಲ್ಲಿ ಹೆಸರು ಮಾಡಿದ ವಂಶದ ಹಿರಿಯರು ಅಡುಗೆಮನೆಯಲ್ಲಿ ಮಾಂಸ ಬೇಯಿಸಲು ನೆರವಾಗುತ್ತಿದ್ದರು ಎಂದರೆ ನಗು ಬರಬಹುದು. ಕೆಲಸ ಕೆಲಸವೇ!

ಆ ನಾಯಿಗಳನ್ನು ಬದಲಿಸಿದ್ದು ಘಾಟಿಯ ಚಳಿಗಾಲ. ಇಲ್ಲಿ ವರ್ಷದ ಹೆಚ್ಚು ಭಾಗ ಚಳಿಗಾಲವೇ. ಅಕ್ಟೋಬರ್ ನಡುವಿಗೆ ದಾರಿ ಮುಚ್ಚಿದರೆ ಮತ್ತೆ ತೆರೆಯುವುದು ಜೂನ್ ಹೊತ್ತಿಗೆ. ಸರೋವರ ಕಲ್ಲಿನಂತೆ ಗಟ್ಟಿಯಾಗುತ್ತದೆ. ಗಾಳಿ ತಂದು ಒಟ್ಟುವ ಹಿಮ ಕೆಲವು ಕಡೆ ಹತ್ತು ಮೀಟರಿಗೂ ಮೀರುತ್ತದೆ. ಉಷ್ಣತೆ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಇಳಿಯುವುದು ಅಪರೂಪವೇನಲ್ಲ. ಸ್ವಿಸ್ ಕಡೆಯಿಂದ ಬರುವ ದಾರಿಯ ಕೊನೆಯ ಏರಿಗೆ 'ಸತ್ತವರ ಕಮರಿ' ಎಂದೇ ಹೆಸರು. ಇಷ್ಟಾದರೂ ಜನ ಬರುತ್ತಿದ್ದರು. ಹೊಟ್ಟೆಪಾಡು ಋತುವನ್ನು ಕೇಳುತ್ತದೆಯೇ?

ಅವರನ್ನು ಎದುರುಗೊಳ್ಳಲು ಧರ್ಮಶಾಲೆಯಿಂದ ದಾರಿ ತೋರುವ ಸೇವಕರು ಹೊರಡುತ್ತಿದ್ದರು. 'ಮರೋನಿಯೆ' ಎಂದು ಅವರನ್ನು ಕರೆಯುವುದು. 1750ರ ಸುಮಾರಿಗೆ ಅವರೊಂದಿಗೆ ನಾಯಿಗಳೂ ಹೋಗುವುದು ರೂಢಿಯಾಯಿತು. ಮೊದಮೊದಲು ಕಾವಲಿಗೆಂದು ಜತೆಗೆ ಕರೆದುಕೊಂಡಿರಬೇಕು. ಆದರೆ ಹೋಗುತ್ತ ಹೋಗುತ್ತ ನಾಯಿಯ ಉಪಯೋಗ ಬೇರೆಯೇ ಎಂದು ತಿಳಿಯಿತು. ಅಗಲವಾದ ಎದೆಯಿಂದ ಹಿಮವನ್ನು ಸೀಳಿಕೊಂಡು ಅದು ಮುಂದೆ ನಡೆದರೆ ಹಿಂದಿನವರಿಗೆ ಕಾಲುದಾರಿ ಸಿದ್ಧವಾಗುತ್ತಿತ್ತು. ಮಂಜು ಕವಿದು ಕೈಚಾಚಿದಷ್ಟು ದೂರವೂ ಕಾಣದಿರುವಾಗ ಅದು ದಾರಿ ತಪ್ಪುತ್ತಿರಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಹಿಮದಡಿಯಲ್ಲಿ ಮನುಷ್ಯನಿದ್ದಾನೆ ಎಂಬುದನ್ನು ಅದು ಮೂಸಿ ತಿಳಿಯುತ್ತಿತ್ತು.

ಇದರಲ್ಲಿ ಪವಾಡವೇನಿಲ್ಲ. ಹಿಮವೆಂದರೆ ಗಟ್ಟಿ ಗೋಡೆಯಲ್ಲ. ಅದರ ಹರಳುಗಳ ಸಂದಿಯಲ್ಲಿ ಗಾಳಿ ಇರುತ್ತದೆ. ಕೆಳಗೆ ಸಿಕ್ಕಿಕೊಂಡವನ ಮೈವಾಸನೆ ಆ ಸಂದಿಗಳ ಮೂಲಕ ಮೇಲಕ್ಕೆ ಬರುತ್ತದೆ. ಮನುಷ್ಯನ ಮೂಗಿಗೆ ಅದು ಇಲ್ಲವೆನ್ನುವಷ್ಟು ಅಲ್ಪ, ನಾಯಿಗೆ ಸಾಕಷ್ಟು. ಆದರೆ ಹೊತ್ತು ಬಹಳ ಕಡಿಮೆ. ಹಿಮಪಾತದಲ್ಲಿ ಹೂತುಹೋದವರನ್ನು ಮೊದಲ ಕಾಲು ಗಂಟೆಯೊಳಗೆ ತೆಗೆದರೆ ಬದುಕುವ ಸಂಭವ ಹೆಚ್ಚು. ಅರ್ಧ ಗಂಟೆ ಕಳೆದರೆ ಉಸಿರುಕಟ್ಟಿ ಸಾಯುವವರೇ ಬಹುಪಾಲು. ಆದ್ದರಿಂದ ಅಲ್ಲೇ ವಾಸವಾಗಿದ್ದು, ಅಲ್ಲಿನ ಇಳಿಜಾರುಗಳನ್ನೆಲ್ಲ ಬಲ್ಲ ನಾಯಿಯೇ ಬೇಕಾಗಿತ್ತು.

ಈ ವಿದ್ಯೆಗೆ ಶಾಲೆ ಇರಲಿಲ್ಲ. ಎಳೆಯ ನಾಯಿಗಳು ಹಿರಿಯ ನಾಯಿಗಳ ಜತೆ ಹೋಗಿ, ನೋಡಿ ಕಲಿಯುತ್ತಿದ್ದವು. ಕೆಳಗಿನ ಬೆಚ್ಚಗಿನ ಊರಲ್ಲಿ ಬೆಳೆದ ನಾಯಿಗೆ ಅದನ್ನು ಕಲಿಸುವ ಬಗೆ ಯಾವುದು? ಹೀಗೆ ಎರಡು ಶತಮಾನಗಳಲ್ಲಿ ಪಾದ್ರಿಗಳು, ಸೇವಕರು, ನಾಯಿಗಳು ಸೇರಿ ಕಾಪಾಡಿದವರ ಸಂಖ್ಯೆ ಎರಡು ಸಾವಿರದಷ್ಟು ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಕಾಪಾಡಲಾಗದವರ ಲೆಕ್ಕವೂ ಇತ್ತು. ಗಡ್ಡೆಗಟ್ಟಿದ ಬಂಡೆನೆಲದಲ್ಲಿ ಗುಂಡಿ ತೋಡಲಾಗದೆ ಶವಗಳನ್ನು ಧರ್ಮಶಾಲೆಯ ಪಕ್ಕದ ಒಂದು ಕಲ್ಲುಕೋಣೆಯಲ್ಲಿ ಇಡುತ್ತಿದ್ದರು. ಆ ಚಳಿಗೆ ಅವು ಕೊಳೆಯುತ್ತಿರಲಿಲ್ಲ. ಬಂಧುಗಳು ಯಾರಾದರೂ ಬಂದು ಗುರುತು ಹಿಡಿಯಲಿ ಎಂಬುದು ಆಸೆ. 1846ರಲ್ಲಿ ಇಲ್ಲಿಗೆ ಬಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಆ ಕೋಣೆಯನ್ನು ಮರೆಯದೆ ತನ್ನ 'ಲಿಟಲ್ ಡೊರಿಟ್' ಕಾದಂಬರಿಯಲ್ಲಿ ತಂದಿದ್ದಾನೆ.

ನಾಯಿಗಳ ಪೈಕಿ ಹೆಚ್ಚು ಹೆಸರುವಾಸಿಯಾದದ್ದು ಬ್ಯಾರಿ. ಅದು ಹುಟ್ಟಿದ್ದು 1800ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ನೆಪೋಲಿಯನ್ ಸುಮಾರು 40 ಸಾವಿರ ಸೈನಿಕರೊಂದಿಗೆ ಈ ಘಾಟಿಯನ್ನು ದಾಟಿದ. (ಚಿತ್ರಪಟದಲ್ಲಿ ಕಾಣುವಂತೆ ಕೆನೆಯುವ ಬಿಳಿ ಕುದುರೆಯ ಮೇಲಲ್ಲ, ಹೇಸರಗತ್ತೆಯ ಮೇಲೆ.) ಬ್ಯಾರಿ ತನ್ನ ಜೀವಿತದಲ್ಲಿ 40ಕ್ಕೂ ಹೆಚ್ಚು ಜನರನ್ನು ಉಳಿಸಿತೆಂದು ಪ್ರತೀತಿ. ನಲವತ್ತೊಂದನೆಯವನು ಅದನ್ನು ತೋಳವೆಂದು ತಿಳಿದು ಕೊಂದುಬಿಟ್ಟ ಎಂದೂ ಕಥೆಯಿದೆ. ಪ್ಯಾರಿಸ್ ಬಳಿಯ ನಾಯಿಗಳ ಸ್ಮಶಾನದಲ್ಲಿರುವ ಅದರ ಸ್ಮಾರಕದ ಮೇಲೂ ಇದೇ ಮಾತನ್ನು ಕೆತ್ತಿದ್ದಾರೆ.

ಆ ಕಥೆ ನಿಜವಲ್ಲ. ಮುದಿಯಾದ ಬ್ಯಾರಿಯನ್ನು 1812ರಲ್ಲಿ ಧರ್ಮಶಾಲೆಯ ಮುಖ್ಯಸ್ಥರು ಬರ್ನ್ ನಗರಕ್ಕೆ ಕಳುಹಿಸಿದರು. ಅಲ್ಲಿ ಎರಡು ವರ್ಷ ವಿಶ್ರಾಂತಿಯಲ್ಲಿದ್ದು 1814ರಲ್ಲಿ ಅದು ವಯಸ್ಸಾಗಿಯೇ ಸತ್ತಿತು. ಆದರೂ ಜನರಿಗೆ ಬೇಕಾದದ್ದು ಬಲಿದಾನ! ಹಾಸಿಗೆಯಲ್ಲಿ ಸತ್ತ ವೀರನ ಕಥೆಯನ್ನು ಯಾರು ಕೇಳುತ್ತಾರೆ?

ಬ್ಯಾರಿಯ ಚರ್ಮಕ್ಕೆ ಹುಲ್ಲು ತುಂಬಿದಂಥ ರೂಪ ಇಂದಿಗೂ ಬರ್ನ್ ನಗರದ ನಿಸರ್ಗ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಅದರದೂ ಒಂದು ಸ್ವಾರಸ್ಯ. ಮೊದಲು ಅದು ತಲೆ ತಗ್ಗಿಸಿ ನಿಂತ ವಿನೀತ ನಾಯಿಯಾಗಿತ್ತು. 1923ರಲ್ಲಿ ದುರಸ್ತಿ ಮಾಡಿದಾಗ ತಲೆಯನ್ನು ಮೇಲೆತ್ತಿ, ಹಣೆಯನ್ನು ಉಬ್ಬಿಸಿ, ಆಗಿನ ಕಾಲದ ಸೇಂಟ್ ಬರ್ನಾರ್ಡ್ ನಾಯಿಯ ಹಾಗೆ ಕಾಣುವಂತೆ ತಿದ್ದಿದರು. ನಿಜವಾದ ಬ್ಯಾರಿ ತೂಗುತ್ತಿದ್ದುದು ಹೆಚ್ಚೆಂದರೆ 45 ಕಿಲೋ. ಈಗಿನವು 60 - 80 ಕಿಲೋ ತೂಗುತ್ತವೆ. ಮೊಮ್ಮಕ್ಕಳನ್ನು ನೋಡಿ ತಾತನ ಚಿತ್ರವನ್ನು ತಿದ್ದಿದಂತಾಯಿತು!

ಕೊರಳಿನ ಪೀಪಾಯಿಯ ಮಾತೂ ಹೀಗೆಯೇ. ಹಿಮದಲ್ಲಿ ಬಿದ್ದವರಿಗೆ ಕುಡಿಸಲು ನಾಯಿ ತನ್ನ ಕೊರಳಲ್ಲಿ ಬ್ರಾಂದಿ ತುಂಬಿದ ಪುಟ್ಟ ಪೀಪಾಯಿ ಹೊತ್ತು ಬರುತ್ತದೆ ಎಂದು ಮಕ್ಕಳ ಪುಸ್ತಕಗಳಲ್ಲೆಲ್ಲ ಇದೆ. ಇದು ಹಬ್ಬಿದ್ದು ಎಡ್ವಿನ್ ಲ್ಯಾಂಡ್‌ಸೀರ್ ಎಂಬ ಇಂಗ್ಲಿಷ್ ಚಿತ್ರಕಾರ, ಹದಿನೆಂಟರ ಹರೆಯದಲ್ಲಿ, 1820ರಲ್ಲಿ ಬರೆದ ಒಂದು ವರ್ಣಚಿತ್ರದಿಂದ. ಧರ್ಮಶಾಲೆಯ ನಾಯಿಗಳು ಪೀಪಾಯಿ ಹೊತ್ತದ್ದಕ್ಕೆ ದಾಖಲೆಯಿಲ್ಲ. ಅಲ್ಲದೆ ಮೈ ಮರಗಟ್ಟಿದವನಿಗೆ ಮದ್ಯ ಕೊಡುವುದು ಅಪಾಯ. ಚರ್ಮದ ರಕ್ತನಾಳಗಳು ಅದರಿಂದ ಹಿಗ್ಗಿ, ಮೈ ಬಿಸಿಯಾದಂತೆ ತೋರಿದರೂ ಒಳಗಿನ ಕಾವು ಬೇಗ ಹೊರಗೆ ಹೋಗಿಬಿಡುತ್ತದೆ. ಶಾಲಾ ಮಕ್ಕಳು ಇದನ್ನು ನೆನಪಿಡುವುದು ಒಳ್ಳೆಯದು. ಪ್ರವಾಸಿಗರು ಬಂದು ಪೀಪಾಯಿ ಎಲ್ಲಿ ಎಂದು ಕೇಳತೊಡಗಿದ ಮೇಲೆ ಫೋಟೋಗಾಗಿ ನಾಯಿಗಳ ಕೊರಳಿಗೆ ಅದನ್ನು ಕಟ್ಟುವ ವಾಡಿಕೆ ಬಂತು.

ಈ ಕಥೆಗಳಿಗಿಂತ ನಡೆದ ಸಂಗತಿಯೇ ಮನಸ್ಸಿಗೆ ತಟ್ಟುವಂಥದು. 1816ರಿಂದ 1818ರವರೆಗಿನ ಚಳಿಗಾಲಗಳು ಬಲು ಕಠಿಣವಾಗಿದ್ದವು. ಜನರನ್ನು ಹುಡುಕಲು ಹೋದ ಅನೇಕ ನಾಯಿಗಳು ಹಿಮಪಾತಕ್ಕೆ ಸಿಕ್ಕಿ ಸತ್ತವು. ಉಳಿದವುಗಳ ಸಂತತಿಯನ್ನು ಗಟ್ಟಿ ಮಾಡಲೆಂದು 1830ರ ಆಸುಪಾಸಿನಲ್ಲಿ ಉದ್ದ ಕೂದಲಿನ ನ್ಯೂಫೌಂಡ್‌ಲ್ಯಾಂಡ್ ಜಾತಿಯ ನಾಯಿಗಳೊಂದಿಗೆ ಕೂಡಿಸಿ ನೋಡಿದರು. ದಟ್ಟ ಕೂದಲು ಚಳಿಯನ್ನು ತಡೆದೀತು ಎಂಬ ಎಣಿಕೆ. ಆದದ್ದೇ ಬೇರೆ. ಉದ್ದ ಕೂದಲಿಗೆ ಹಿಮ ಮೆತ್ತಿ, ಗಡ್ಡೆಗಟ್ಟಿ, ಆ ಭಾರಕ್ಕೆ ನಾಯಿ ನಡೆಯಲಾರದಾಯಿತು. ಅಂಥ ಮರಿಗಳನ್ನು ಕೆಳಗಿನ ಊರಿನವರಿಗೆ ಕೊಟ್ಟುಬಿಟ್ಟರು. ಇಂದು ಊರೂರುಗಳ ಶ್ರೀಮಂತರ ಮನೆಯಂಗಳದಲ್ಲಿ ಮಲಗಿರುವ ತುಪ್ಪಳದ ಸೇಂಟ್ ಬರ್ನಾರ್ಡ್‌ಗಳು ಹಿಮದ ಕೆಲಸಕ್ಕೆ ಆಗದೆ ಕೆಳಗಿಳಿದವುಗಳ ಪೀಳಿಗೆ ಎನ್ನಬಹುದು.

ಚಳಿಗಾಲದ ಕೆಲಸ ಕೊನೆಗೆ ನಾಯಿಗಳ ಕೈಬಿಟ್ಟಿತು. ಮೊದಲು ಪಾದ್ರಿಗಳು ಹಿಮಜಾರು ಹಲಗೆ ಕಟ್ಟಿಕೊಂಡು ಓಡಾಡಲು ಕಲಿತರು. 1964ರಲ್ಲಿ ಘಾಟಿಯ ಅಡಿಯಲ್ಲೇ ಸುರಂಗ ತೆರೆಯಿತು. ಇಟಲಿಗೆ ಹೋಗುವವರು ಚಳಿಗಾಲದಲ್ಲೂ ಮೋಟಾರಿನಲ್ಲಿ ಕೂತೇ ದಾಟತೊಡಗಿದರು. ಹಿಮದಲ್ಲಿ ಸಿಕ್ಕಿಬಿದ್ದವರನ್ನು ಹುಡುಕಲು ಹೆಲಿಕಾಪ್ಟರ್ ಬಂತು. ಅದರಲ್ಲಿ ಕೂರಿಸಲು ಹಗುರವಾದ, ಚುರುಕಾದ ನಾಯಿ ಬೇಕು. 70 ಕಿಲೋದ ಈ ದೈತ್ಯನನ್ನು ಎತ್ತಿ ಕೂರಿಸುವವರಾರು?

ಕೆಲಸವಿಲ್ಲದಿದ್ದರೂ ನಾಯಿಗಳು ಧರ್ಮಶಾಲೆಯಲ್ಲಿ ಉಳಿದವು. ಅವುಗಳಿಗೆ ಊಟ ಹಾಕಬೇಕು, ಗೂಡು ತೊಳೆಯಬೇಕು, ದಿನವೂ ನಡೆಸಬೇಕು. ಮೇಲಿರುವ ಪಾದ್ರಿಗಳೋ ಬೆರಳೆಣಿಕೆಯಷ್ಟು, ವಯಸ್ಸಾದವರು. ಬಾಗಿಲಿಗೆ ಬಂದ ಮನುಷ್ಯನನ್ನು ನೋಡಿಕೊಳ್ಳುವುದೇ, ನಾಯಿಯನ್ನು ನೋಡಿಕೊಳ್ಳುವುದೇ? 2004ರಲ್ಲಿ ಅವರು ನಾಯಿಗಳನ್ನು ಬೇರೆಯವರಿಗೆ ಒಪ್ಪಿಸುವುದಾಗಿ ಪ್ರಕಟಿಸಿದರು. ಆಗ ಧರ್ಮಶಾಲೆಯ ಬಳಿ ಇದ್ದವು 18 ನಾಯಿಗಳು. ಸ್ವಿಟ್ಜರ್ಲೆಂಡಿನಲ್ಲಿ ದೊಡ್ಡ ಗದ್ದಲವೇ ಆಯಿತು. ಮಹಾಪ್ರಸ್ಥಾನದಲ್ಲಿ ನಾಯಿಯನ್ನು ಬಿಟ್ಟು ರಥವೇರು ಎಂದಾಗ ಧರ್ಮರಾಯ ಒಪ್ಪಲಿಲ್ಲವೆಂದು ಕೇಳಿ ಬೆಳೆದವರಿಗೂ ಪಾದ್ರಿಗಳ ಮೇಲೆ ಸಿಟ್ಟು ಬರಬಹುದು. ಆದರೆ ಧರ್ಮರಾಯನಿಗೆ ಆ ಹೊತ್ತಿನಲ್ಲಿ ಬೇರೆ ಕರ್ತವ್ಯ ಉಳಿದಿರಲಿಲ್ಲ. ಇವರಿಗೆ ಬರುವ ಅತಿಥಿಗಳಿದ್ದರು. ನಾಯಿಗಳನ್ನು ಸಾಕಿದ್ದೂ ಆ ಅತಿಥಿಗಳಿಗಾಗಿಯೇ ಅಲ್ಲವೇ?

2005ರಲ್ಲಿ ಬ್ಯಾರಿಯ ಹೆಸರಿನಲ್ಲೇ ಸ್ಥಾಪನೆಯಾದ ಪ್ರತಿಷ್ಠಾನವೊಂದು ನಾಯಿಗಳ ಹೊಣೆ ಹೊತ್ತಿತು. ಈಗ ಅವುಗಳ ಮನೆ ಮಾರ್ಟಿನಿ ಪಟ್ಟಣದಲ್ಲಿ. ವರ್ಷಕ್ಕೆ ಸುಮಾರು 20 ಮರಿಗಳು ಹುಟ್ಟುತ್ತವೆ. ಹಳೆಯ ಸಂಪ್ರದಾಯದಂತೆ ನಾಯಿಗಳಲ್ಲಿ ಒಂದಕ್ಕೆ ಬ್ಯಾರಿ ಎಂದು ಹೆಸರಿಡುತ್ತಾರೆ. ಕೆಲವನ್ನು ವೃದ್ಧಾಶ್ರಮಗಳಿಗೆ ಕರೆದೊಯ್ಯಲು ಪಳಗಿಸುತ್ತಾರೆ. ಮಾತು ಬಿಟ್ಟ ಮುದುಕರ ಮಂಡಿಯ ಮೇಲೆ ಆ ದೊಡ್ಡ ತಲೆ ಇಟ್ಟು ಸುಮ್ಮನೆ ಕೂರುವುದು ಅದರ ಹೊಸ ಕೆಲಸ. ಹಿಮವನ್ನು ಸೀಳುವುದಕ್ಕಿಂತ ಇದು ಸುಲಭವೆಂದು ಹೇಳಲಾಗದು.

ಹೀಗೆ ನಾಯಿಗಳ ವರ್ಷ ತಿರುವುಮುರುವಾಗಿದೆ. ಚಳಿಗಾಲದ್ದಾಗಿದ್ದ ಪ್ರಾಣಿ ಈಗ ಬೇಸಿಗೆಯದು. ದಾರಿಯ ಹಿಮ ಕರಗಿ, ಬಂಡೆಸಂದುಗಳಲ್ಲಿ ಸಣ್ಣ ಹೂಗಳು ಅರಳುವಾಗ ಅವುಗಳನ್ನು ಮೇಲಕ್ಕೆ ಕರೆತರುತ್ತಾರೆ. ಕೆಳಗಿನ ಸೆಕೆಯಿಂದ ಬಂದ ನಾಯಿಗಳಿಗೆ ಘಾಟಿಯ ತಂಗಾಳಿ ಹಿತ. ಪ್ರವಾಸಿಗರ ಮಕ್ಕಳು ಹಗ್ಗ ಹಿಡಿದು ಅವುಗಳ ಜತೆ ನಡೆಯುತ್ತಾರೆ; ಯಾರು ಯಾರನ್ನು ನಡೆಸುತ್ತಿದ್ದಾರೆ ಎಂಬುದು ನೋಡುವವರಿಗೆ ಗೊತ್ತಾಗುತ್ತದೆ. ನೆರಳಲ್ಲಿ ಉಳಿದ ಹಿಮದ ತುಣುಕು ಕಂಡರೆ ಸಾಕು, ನಾಯಿ ಅಲ್ಲಿಗೇ ಎಳೆಯುತ್ತದೆ, ಬಿದ್ದು ಹೊರಳುತ್ತದೆ.

ಅಕ್ಟೋಬರ್ ಹೊತ್ತಿಗೆ ಅವು ಕೆಳಗಿಳಿದಿರುತ್ತವೆ. ರಸ್ತೆಗೆ ಅಡ್ಡಗಟ್ಟೆ ಬೀಳುತ್ತದೆ, ಸರೋವರ ಹೆಪ್ಪುಗಟ್ಟುತ್ತದೆ. ಪಾದ್ರಿಗಳು ಮಾತ್ರ ಮೇಲೆಯೇ ಇರುತ್ತಾರೆ. ಸುರಂಗದ ಬಾಯಿಯಿಂದ ಆರು ಕಿಲೋಮೀಟರ್ ಹಿಮದಲ್ಲಿ ಏರಿ ಬರುವವರು ಈಗಲೂ ಇದ್ದಾರೆ. ಅವರು ಬೀಗವಿಲ್ಲದ ಬಾಗಿಲನ್ನು ತಳ್ಳಿ, ಬೂಟಿನ ಹಿಮ ಕೊಡವಿ ಒಳಗೆ ಕಾಲಿಡುತ್ತಾರೆ. ಬಿಸಿಯಾದದ್ದೇನಾದರೂ ಕುಡಿಯಲು ಸಿಗುತ್ತದೆ. ಹೊರಗೆ ಗೂಡುಗಳ ಮೇಲೆ ಹಿಮ ಏರುತ್ತಿರುತ್ತದೆ.